ಧಾರವಾಡದಾಗ ಬ್ಯಾಸ್ಕೆಟ್‌ಬಾಲ್ ಸೆಂಟರ್ ಆಡ್ತೀನಿ, ಮುಂದ ಪ್ರೊಫೆಶನಲ್ ಆಗಬಹುದೇನ್ರಿ?

ರಿಬೌಂಡ್_ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಬಿ.ಕಾಂ. ಕೊನೀ ವರ್ಷದಾಗ ಅದೇನಿ. ಎತ್ತರ ಆರಡಿ ಎರಡಿಂಚು. ಪಿಯುಸಿ ಇದ್ದಾಗಿಂದ ಬ್ಯಾಸ್ಕೆಟ್‌ಬಾಲ್ ಆಡಾಕತ್ತೇನಿ, ಹೋದ ವರ್ಷ ಯೂನಿವರ್ಸಿಟಿ ಬ್ಲೂ ಆದೆ, ಅಂದ್ರ ಯೂನಿವರ್ಸಿಟಿ ತಂಡಕ್ಕ ಆಡಿದೆ. ರಿಂಗಿನ ಕೆಳಗ ನಿನ್ನ ತಡಿಯೋರ ಇಲ್ಲ ಅಂತಾರ ನಮ್ಮ ಪಿಡಿ ಸರ್.

ಅಪ್ಪ ಅಮರಗೋಳ ಎಪಿಎಂಸಿಯಾಗ ಒಂದು ಅಂಗಡಿ ಲೆಕ್ಕ ಬರೀತಾರ. ಪರೀಕ್ಷೆ ಮುಗದ ಕೂಡಲೆ ಸಪ್ತಾಪುರದಾಗ ಬ್ಯಾಂಕ್ ಕೋಚಿಂಗ್‌ಗೆ ಹೆಸರ ಹಚ್ಚು ಅಂತ ದಿನಾ ಒಂದ ಹಾಡು. ನನಗ ಇನ್ನೂ ಆಡೋದೈತಿ. ಅಮೆರಿಕಾದಾಗ ಕಾಲೇಜ್ ಆಡಿದ ಹುಡುಗ್ರು ಸೀದಾ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎ ಹೋಗ್ತಾರಲ್ರಿ, ನಮ್ಮಲ್ಲಿ ಕಾಲೇಜ್ ಮುಗದ ಮ್ಯಾಲೆ ಹಂಗ ಯಾವುದರ ದಾರಿ ಐತೇನು? ಇಲ್ಲಾಂದ್ರ ಎಂಬಿಎ ನೆವ ಮಾಡ್ಕೊಂಡು ಅಲ್ಲೇ ಹೋಗಿ ಆಡಾಕ ಬರ್ತೈತೇನು? ಆಡಿದವ್ರು ಯಾರರ ಇದ್ರ ಖರೇ ಹೇಳ್ರಿ.

ಸಪ್ತಾಪುರ_ಸೀನಿಯರ್

ಲೈಬ್ರರ್‍ಯಾಗ ನನ್ನ ಬಾಜೂ ಕುರ್ಚಿ ಖಾಲಿ ಐತಿ. ಟವೆಲ್ ಹಾಕಿ ಇಡ್ಲೇನು?

ಟಿಟಿಇ_ಜರ್ಸಿ_7

ತಮ್ಮಾ, ನಾನೂ ಯೂನಿವರ್ಸಿಟಿ ಬ್ಲೂನ. ಊರು ಗದಗ. ಈಗ ರೈಲಿನ್ಯಾಗ ಟಿಕೆಟ್ ಚೆಕ್ ಮಾಡ್ತೀನಿ. ಓದಿದ್ದಕ್ಕ ಸಿಕ್ಕ ನೌಕರಿ ಅಲ್ಲ, ಆಡಿದ್ದಕ್ಕ ಸಿಕ್ಕಿದ್ದು.

ಮೊದಲ ಬೂಟ್ ಬಿಚ್ಚಿ ಗ್ವಾಡಿಗೆ ನಿಂತು ಎತ್ತರ ಅಳಕೊ. ನಗಬ್ಯಾಡ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಐತಿ.

ನಮ್ಮ ಕಡೆ ಆರಡಿ ದಾಟಿದ ಹುಡುಗ ಸಿಕ್ರ ಸಾಕು, ಹಿಡದು ರಿಂಗಿನ ಕೆಳಗ ನಿಲ್ಲಸ್ತಾರ. ನನ್ನೂ ಹಂಗ ನಿಲ್ಲಿಸಿದ್ರು. ಐದು ವರ್ಷ ಸೆಂಟರ್ ಆಡಿದೆ, ಕಾಲೇಜಿನ್ಯಾಗ ನಾನ ರಾಜಾ. ಒಮ್ಮೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡದು ಬೆಂಗಳೂರಿಗೆ ಟ್ರಯಲ್ಸ್‌ಗೆ ಹೋದೆ. ಕಂಠೀರವದ ಒಳಾಂಗಣಕ್ಕ ಕಾಲಿಟ್ರ, ಅವರ ಪಾಯಿಂಟ್ ಗಾರ್ಡ್, ಅಂದ್ರ ಬಾಲ್ ಮುಂದ ಒಯ್ಯೋ ಗಿಡ್ಡ ಹುಡುಗನ, ನನಗಿಂತ ಎರಡಿಂಚು ಎತ್ತರ! ಸೆಂಟರ್‌ನ ಮಾರಿ ನೋಡಾಕ ಕುತಗಿ ಎತ್ತಬೇಕಾತು. ಕೋಚ್ ನನಗ ಹೇಳಿದ್ದು ಒಂದ ಮಾತು: "ಎಡಗೈಯಾಗ ಡ್ರಿಬಲ್ ಮಾಡ್ಕೋತ ಆ ತುದಿಗೆ ಹೋಗಿ ಬಾ." ಒಂದು ತುದಿಯಿಂದ ಇನ್ನೊಂದಕ್ಕ 28 ಮೀಟರ್. ಅರ್ಧ ದಾರ್‍ಯಾಗ ಬಾಲ್ ಒಂದ್ಕಡೆ, ನಾ ಒಂದ್ಕಡೆ. ಐದು ವರ್ಷ ರಿಬೌಂಡ್, ಅಂದ್ರ ರಿಂಗಿಗೆ ಬಡದು ವಾಪಸ್ ಬಂದ ಬಾಲ್, ಹಿಡದು ಗಿಡ್ಡ ಹುಡುಗ್ರ ಕೈಯಾಗ ಕೊಟ್ಟಿದ್ದೆ, ಮುಂದ ಒಯ್ಯೋದು ಅವರ ಕೆಲಸ ಅಂತ ತಿಳಕೊಂಡಿದ್ದೆ. ವಾಪಸ್ ಬರೋವಾಗ ದಾವಣಗೆರಿ ದಾಟೂ ತನಕ ಯಾರ ಜೋಡಿನೂ ಮಾತಾಡ್ಲಿಲ್ಲ.

ನೀನೂ ಅಷ್ಟ. ಧಾರವಾಡದಾಗ ಸೆಂಟರ್, ತುಮಕೂರ ದಾಟಿದ ಮ್ಯಾಲೆ ಗಾರ್ಡ್. ಈಗಿಂದನ ಗಾರ್ಡ್ ಆಟ ಕಲಿ. ಮೂರು ಪಾಯಿಂಟಿನ 6.75 ಮೀಟರ್ ಗೆರಿ ಹೊರಗಿಂದ ಶಾಟ್ ಹೊಡಿ. ದಿನಾ ಎಷ್ಟು ಹೊಡದಿ ಅಂತ ಅಲ್ಲ, ಎಷ್ಟು ಬಿದ್ವು ಅಂತ ಬರದಿಡು. ನೆಲದ ಮಾತೂ ಐತಿ. ಸಿಮೆಂಟ್ ಕೋರ್ಟ್‌ನಾಗ ಬೆಳದವ್ರು ನಾವು, ಮಳಿ ಬಂದ್ರ ಆಟ ಬಂದ್. ಕಟ್ಟಿಗಿ ನೆಲದ ಮ್ಯಾಲೆ ಗಕ್ಕನ ನಿಂತು ತಿರುಗೋದು ಬ್ಯಾರೇನ ರೂಢಿ. ಟ್ರಯಲ್ಸ್‌ಗೆ ಎರಡು ದಿನ ಮೊದಲ ಹೋಗಿ ಕಾಲಿಗೆ ಪರಿಚಯ ಮಾಡ್ಸು.

ಈಗ ನೌಕರಿ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಪ್ರೊಫೆಶನಲ್ ಅಂದ್ರ ಬಹುತೇಕ ಕ್ರೀಡಾ ಕೋಟಾದ ನೌಕರಿನ. ರೈಲ್ವೆ, ಸೇನೆ, ಪೊಲೀಸ್, ಆದಾಯ ತೆರಿಗೆ, ಒಎನ್‌ಜಿಸಿ, ಕೆಲವು ಬ್ಯಾಂಕು. ಭಾರತ ತಂಡದ ಕ್ಯಾಪ್ಟನ್ ಆಗಿದ್ದ ವಿಶೇಷ್ ಭೃಗುವಂಶಿ 2017ರಾಗ ಆಸ್ಟ್ರೇಲಿಯಾದ ಅಡಿಲೇಡ್ 36ರ್ಸ್ ಜೋಡಿ ಒಪ್ಪಂದ ಮಾಡ್ಕೊಂಡಾಂವ, 2020ರ ಅರ್ಜುನ ಪ್ರಶಸ್ತಿ ಅಂವಗ ಬಂತು. ಅಂಥಾವನೂ ಒಎನ್‌ಜಿಸಿ ನೌಕರ. ಲೀಗ್ ನಂಬಿ ಕುಂದ್ರಬ್ಯಾಡ. ಯುಬಿಎ ಅಂತ 2015ರಾಗ ಒಂದು ಚಾಲೂ ಆತು, 2017ರ ಮ್ಯಾಲೆ ಸುದ್ದಿ ಇಲ್ಲ. 2022ರಾಗ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಬಂತು. ಆಡಾಕ ಸಿಕ್ರ ಆಡು, ಆದ್ರ ಅದರ ಮ್ಯಾಲೆ ಮನಿ ಬಾಡಗಿ ಲೆಕ್ಕ ಹಾಕಬ್ಯಾಡ.

ರೈಲ್ವೆ ಕೋಟಾಕ್ಕ ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ನೂರು ಅಂಕದಾಗ 40 ಟ್ರಯಲ್ಸ್‌ಗೆ, 50 ನಿನ್ನ ಕ್ರೀಡಾ ಸಾಧನೆಗೆ, 10 ಓದಿಗೆ. ಆ 50 ಬರೋದು ಸರ್ಟಿಫಿಕೇಟಿನ ಮ್ಯಾಲೆ. ಅಂತರ್ ಕಾಲೇಜ್ ಕಪ್ಪು ಎಷ್ಟ ಗೆದ್ರೂ ಅಲ್ಲಿ ನಡಿಯೂದಿಲ್ಲ. ರಾಜ್ಯದ ಪರ ನ್ಯಾಷನಲ್ಸ್ ಆಡಿರಬೇಕು, ಇಲ್ಲಾ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯದಾಗ ಮೇಲಿನ ಸ್ಥಾನ ಬಂದಿರಬೇಕು, ಅದೂ ಇತ್ತೀಚಿನದ ಇರಬೇಕು. ಪಗಾರದ ಲೆವೆಲ್ 2 ಸಿಕ್ರ ಮೂಲ ವೇತನ 19,900, ಲೆವೆಲ್ 5 ಆದ್ರ 29,200. ನೈಋತ್ಯ ರೈಲ್ವೆ ಮುಖ್ಯ ಕಚೇರಿ ನಿಮ್ಮ ಹುಬ್ಬಳ್ಳ್ಯಾಗ ಐತಿ ಖರೆ, ಆದ್ರ ಅದೊಂದನ್ನ ಕಾಯ್ಕೋತ ಕುಂದ್ರಬ್ಯಾಡ, ಎಲ್ಲಾ ವಲಯದ ಅಧಿಸೂಚನೆ ನೋಡು. ಯಾವ ಆಟ, ಎಷ್ಟು ಹುದ್ದೆ ಅಂತ ವರ್ಷಾ ಬದಲಾಗ್ತೈತಿ, ಕೆಲವೊಮ್ಮೆ ಯಾವ ಪೊಸಿಷನ್ ಅಂತನೂ ಬರದಿರ್ತಾರ. ಮ್ಯಾಲೆ ಹೇಳಿದ ಗಾರ್ಡ್ ಮಾತು ಇಲ್ಲಿ ಕೆಲಸಕ್ಕ ಬರ್ತೈತಿ.

ವಿದ್ಯಾನಗರ_ಟು_ಓಹಾಯೋ

ಹುಬ್ಬಳ್ಳಿ ವಿದ್ಯಾನಗರದವ. ಎಂ.ಎಸ್. ಮಾಡುವಾಗ ಇಲ್ಲಿ ಕಾಲೇಜ್ ಜಿಮ್‌ನಾಗ ಪಾರ್ಟ್‌ಟೈಮ್ ಇದ್ದೆ. ಪ್ರಾಕ್ಟೀಸ್ ನಡುವ ಬಿದ್ದ ಬೆವರು ವರಸೋದು ನನ್ನ ಕೆಲಸ. ಅಂದ್ರ ನಾನೂ ಕೋರ್ಟ್ ಮ್ಯಾಲೆ ಇದ್ದೆ ಅಂತನ ಹೇಳ್ಕೋತೀನಿ.

"ಸೀದಾ" ಅನ್ನೋ ಮಾತು ತಪ್ಪದ. ಡಿವಿಜನ್ ಒಂದರಾಗ, ಅಂದ್ರ ಇಲ್ಲಿ ಕಾಲೇಜ್ ಆಟದ ಎಲ್ಲಾಕ್ಕಿಂತ ಮ್ಯಾಲಿನ ದರ್ಜಾದಾಗ, 350ಕ್ಕಿಂತ ಹೆಚ್ಚು ಕಾಲೇಜ್ ತಂಡ ಅವ. ಎನ್‌ಬಿಎ ತಂಡ 30. ಡ್ರಾಫ್ಟ್, ಅಂದ್ರ ತಂಡಗಳು ಹೊಸಾ ಹುಡುಗ್ರನ್ನ ಆರಿಸ್ಕೊಳ್ಳೋದು, ಎರಡ ಸುತ್ತು, ಹೆಚ್ಚಂದ್ರ 60 ಹೆಸರು. ಅದರಾಗೂ ಯುರೋಪಿನ ಹುಡುಗ್ರು ಪಾಲು ತಗೋತಾರ. ಉಳದವ್ರು ಸಮ್ಮರ್ ಲೀಗ್, ಎನ್‌ಬಿಎ ಕೆಳಗಿನ ಜಿ ಲೀಗ್, ಇಲ್ಲಾ ಟರ್ಕಿ, ಜಪಾನ್ ಅಂತ ಊರೂರು ತಿರಗತಾರ. ಫ್ರೆಡ್ ವ್ಯಾನ್‌ವ್ಲೀಟ್ ವಿಚಿಟಾ ಸ್ಟೇಟ್‌ನಾಗ ನಾಲ್ಕು ವರ್ಷ ಆಡಿದ್ರೂ 2016ರ ಡ್ರಾಫ್ಟ್‌ನಾಗ ಯಾರೂ ಕರೀಲಿಲ್ಲ. ಜಿ ಲೀಗ್ ಹಾದು ಬಂದು 2019ರಾಗ ಟೊರಾಂಟೊ ಜೋಡಿ ಚಾಂಪಿಯನ್ ಆದ. ಅವನ ಎತ್ತರ ಆರಡಿ ಆಸುಪಾಸು, ಅಂದ್ರ ನಿಮ್ಮಷ್ಟ. ಆದ್ರ ಬಾಲ್ ಅವನ ಕೈಗೆ ಅಂಟಿದ್ಹಂಗ ಇರ್ತದ.

ನಮ್ಮ ದೇಶದಿಂದ ಡ್ರಾಫ್ಟ್ ಆದ ಮೊದಲನೆಯವ ಪಂಜಾಬಿನ ಸತ್ನಾಮ್ ಸಿಂಗ್, 2015, ಡಲ್ಲಾಸ್, 52ನೇ ಹೆಸರು. ಏಳಡಿ ಎರಡಿಂಚು! ಅವ ಕಾಲೇಜ್ ಆಡಲೇ ಇಲ್ಲ. ಎನ್‌ಬಿಎ ಮ್ಯಾಚೂ ಒಂದೂ ಸಿಗಲಿಲ್ಲ. ಕಡೀಕ ಟಿವ್ಯಾಗ ಬರೋ ರೆಸ್ಲಿಂಗ್ ಕಡೆ ಹೋದ.

ಈಗ ಎಂಬಿಎ ನೆವ. ಡಿವಿಜನ್ ಒಂದರಾಗ ನಾಲ್ಕು ಸೀಸನ್ ಆಡಲಿಕ್ಕೆ ಐದು ವರ್ಷದ ಗಡಿಯಾರ ಇರ್ತದ. ಅದು ಅಮೆರಿಕಾಕ್ಕ ಬಂದ ದಿನ ಶುರು ಆಗೂದಿಲ್ಲ. ಯಾವ ದೇಶದ್ದಾದ್ರೂ ಸರಿ, ಪೂರ್ಣಾವಧಿ ಕಾಲೇಜಿಗೆ ಸೇರಿದಾಗಿಂದನ ಓಡ್ತದ. ಧಾರವಾಡದಾಗ ನಿಮ್ಮದು ಈಗಾಗಲೇ ಮೂರು ವರ್ಷ ಓಡೇದ. ಎಂಬಿಎ ಮಾಡೋದಿದ್ರ ಎಂಬಿಎ ಸಲುವಾಗಿ ಬರ್ರಿ. ಏಜೆಂಟ್ ಯಾರಾದ್ರೂ "ಆಟದ ಸೀಟು" ಅಂತ ರೊಕ್ಕ ಕೇಳಿದ್ರ ಈ ಗಡಿಯಾರದ ಮಾತು ತಗೀರಿ, ಅವನ ಮಾರಿ ನೋಡ್ರಿ.

ಹಾವೇರಿ_ವಿಸಿಲ್

ನಾನು ಹಾವೇರಿ ಜಿಲ್ಲಾದಾಗ ಪ್ರೌಢಶಾಲೆ ದೈಹಿಕ ಶಿಕ್ಷಕಿ, ಮೊದಲು ಗಾರ್ಡ್ ಆಡ್ತಿದ್ದೆ. ಎಲ್ಲಾರೂ ಗಂಡು ಹುಡುಗ್ರ ಹೆಸರ ಹೇಳಿದ್ರಿ, ಒಂದು ನಂದೂ ಇರ್ಲಿ: ಕೇರಳದ ಗೀತು ಅನ್ನಾ ಜೋಸ್. ದಕ್ಷಿಣ ರೈಲ್ವೆ ನೌಕರಿ ಇಟ್ಕೊಂಡ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್‌ಗೆ ಆಡಿದ್ರು, 2011ರಾಗ ಅಮೆರಿಕಾದ ಹೆಣ್ಣುಮಕ್ಕಳ ಲೀಗ್ ಡಬ್ಲ್ಯುಎನ್‌ಬಿಎ ಟ್ರಯಲ್ಸ್‌ಗೂ ಹೋಗಿ ಬಂದ್ರು. ನೌಕರಿ ಅಂದ ಕೂಡಲೆ ಆಟ ಮುಗೀತು ಅಂತ ಹುಡುಗ ಗಾಬರಿ ಆಗೋದು ಬ್ಯಾಡ.

3x3 ನೋಡಪಾ. ನಾಲ್ಕ ಮಂದಿ ಕೂಡಿದ್ರ ತಂಡ, ಮೂರ ಮಂದಿ ಆಡೋದು, ಒಬ್ಬ ಬದಲಿ, ಅರ್ಧ ಕೋರ್ಟ್, ಹತ್ತು ನಿಮಿಷ, 21 ಪಾಯಿಂಟ್ ಆದ್ರ ಅಲ್ಲಿಗೇ ಮುಗೀತು. ಶಾಟ್ ಕ್ಲಾಕ್, ಅಂದ್ರ ಶಾಟ್ ಹೊಡಿಯಾಕ ಸಿಗೋ ಟೈಮ್, 12 ಸೆಕೆಂಡ್. ರಿಂಗಿನ ಕೆಳಗ ಸುಮ್ಮನ ನಿಂತ್ರ ನಡಿಯೂದಿಲ್ಲ, ಬಾಲ್ ಎಲ್ಲಾರ ಕೈಗೂ ಬರ್ತದ. ನಿನ್ನಂಥ ಅರ್ಧ ಸೆಂಟರ್ ಅರ್ಧ ಗಾರ್ಡ್ ಹುಡುಗಗ ಇದಕ್ಕಿಂತ ಚಲೋ ಸಾಲಿ ಇಲ್ಲ.

ಒಂದು ಕಿವಿಮಾತು. ಸರ್ಟಿಫಿಕೇಟ್ ಎಲ್ಲಾ ಲ್ಯಾಮಿನೇಶನ್ ಮಾಡಸಬ್ಯಾಡ, ಹಿಂದ ಸಹಿ-ಸಿಕ್ಕಾ ಹಾಕ್ಸೋ ಪ್ರಸಂಗ ಬರ್ತದ. ನನ್ನ ಒಂದು ರಾಜ್ಯಮಟ್ಟದ್ದು ಹಂಗ ಕೆಟ್ಟದ್ದು.

ರಿಬೌಂಡ್_ಧಾರವಾಡ

ಎಲ್ಲಾರಿಗೂ ಥ್ಯಾಂಕ್ಸ್‌ರಿ. ಟಿಟಿಇ ಅಣ್ಣಾರ, ಬೂಟ್ ಬಿಚ್ಚಿ ಅಳದೆ. ಆರಡಿ ಅರ್ಧ ಇಂಚು. ಒಂದೂವರಿ ಇಂಚು ಬೂಟಿನ ಅಂಗಡಿಯವಂದು.

ಇವತ್ತ ಮುಂಜಾನೆ ಎಡಗೈಯಾಗ ಕೋರ್ಟ್ ಉದ್ದ ಹೋಗಿ ನೋಡಿದೆ. ಮೂರು ಸಲಕ್ಕ ಒಮ್ಮೆ ಮುಟ್ಟಿದೆ, ಒಮ್ಮೆ ಬಾಲ್ ಗೇಟ್ ದಾಟಿ ಚಿಗರಿ ಬಸ್ಸಿನ ದಾರಿಗೆ ಹೋಗಿತ್ತು. ಅಪ್ಪಗ 40, 50, 10ರ ಲೆಕ್ಕ ತೋರಿಸಿದೆ. ಲೆಕ್ಕದ ಮನಷಾ, ಬೈಯಲಿಲ್ಲ, ಚೀಟಿ ಕಿಸೆದಾಗ ಇಟ್ಕೊಂಡ್ರು. ಸಪ್ತಾಪುರ ಸೀನಿಯರ್, ಆ ಕುರ್ಚಿ ಮಧ್ಯಾಹ್ನಕ್ಕ ಮಾತ್ರ ಹಿಡೀರಿ. ಮುಂಜಾನಿ ಸಂಜೀಕ ಬರಾಕಾಗೂದಿಲ್ಲ.