ಮೇಷ್ಟ್ರನ್ನು ಕೇಳಿ: ಸ್ಕೇಲು, ತಕ್ಕಡಿ, ಮೊಟ್ಟೆ ಲೆಕ್ಕ

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಹಾಸನ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು. ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆಯಲ್ಲೇ ಅವರ 26 ವರ್ಷದ ಸರ್ವೀಸು ಕಳೆದಿದೆ. ವಿಷಯ: ಚಿಕ್ಕ ಮಕ್ಕಳಿಗೆ ಅಳತೆ, ತೂಕ ಮತ್ತು ಸರಳ ದತ್ತಾಂಶ.

ಪ್ರಶ್ನೆ (ಎರಡನೇ ತರಗತಿ ಮಗುವಿನ ಅಮ್ಮ, ತುಮಕೂರು):
ಮೇಷ್ಟ್ರೇ, 100 ಸೆಂಟಿಮೀಟರ್ ಅಂದ್ರೆ ಒಂದು ಮೀಟರ್ ಅನ್ನೋದು ನನ್ನ ಮಗಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತೆ. ಆದರೆ ಮೊನ್ನೆ ಪೆನ್ಸಿಲ್ ಅಳೆಯೋಕೆ ಹೇಳಿದರೆ ಅದರ ತುದಿಯನ್ನು ಸ್ಕೇಲಿನ 1ರ ಗೀಟಿಗೆ ಇಟ್ಟಳು. ಮೊನೆ 9ಕ್ಕೆ ಬಂತು. "ಒಂಬತ್ತು" ಅಂದಳು. ಸೊನ್ನೆಗೆ ಇಡಬೇಕು ಅಂತ ಹತ್ತು ಸಲ ಹೇಳಿದ್ದೀನಿ. ಹೇಳಿದಾಗ ಇಡ್ತಾಳೆ, ಮಾರನೇ ದಿನ ಮತ್ತೆ ಒಂದು. "ಎಣಿಸೋದು ಒಂದರಿಂದ ತಾನೇ ಅಮ್ಮ?" ಅಂತ ನನ್ನನ್ನೇ ಕೇಳ್ತಾಳೆ. ಏನು ಹೇಳಲಿ?

ಉತ್ತರ:
ಮೇಡಂ, ಮಗು ಕೇಳಿದ್ದು ನ್ಯಾಯವಾಗೇ ಇದೆ. ಎಣಿಸೋದು ಒಂದರಿಂದಲೇ. ಅವಳು ಏನನ್ನು ಎಣಿಸುತ್ತಿದ್ದಾಳೆ ಅನ್ನೋದನ್ನು ನೋಡಿ. ಅವಳ ಕಣ್ಣಿಗೆ ಸ್ಕೇಲಿನಲ್ಲಿ ಕಾಣೋದು ಗೀಟು. 1ರಿಂದ 9ರವರೆಗೆ ಗೀಟು ಒಂಬತ್ತು ಇವೆ, ಅವಳ ಲೆಕ್ಕ ತಪ್ಪಿಲ್ಲ. ಆದರೆ ಸೆಂಟಿಮೀಟರ್ ಅಂದರೆ ಗೀಟಲ್ಲ, ಎರಡು ಗೀಟುಗಳ ನಡುವಿನ ಜಾಗ. ಆ ಜಾಗಗಳು ಎಂಟೇ. "ಸೊನ್ನೆಗೆ ಇಡು" ಅನ್ನೋದು ಇದನ್ನು ಹೇಳೋದಿಲ್ಲ. ಅದು ಬರೀ ಒಂದು ನಿಯಮ. ನಿಯಮ ಮರೆತುಹೋಗುತ್ತೆ.

ನಾನು ಮಾಡೋದು ಹೀಗೆ. ಹಳೇ ನೋಟ್‌ಬುಕ್ಕಿನ ರಟ್ಟಿನಿಂದ ಒಂದು ಪಟ್ಟಿ ಕತ್ತರಿಸಿ, ಒಂದೊಂದು ಸೆಂಟಿಮೀಟರಿಗೂ ಮನೆ ಹಾಕಿ. ಒಂದು ಮನೆಗೆ ಕೆಂಪು, ಪಕ್ಕದ್ದಕ್ಕೆ ಏನೂ ಬೇಡ, ಮತ್ತೆ ಕೆಂಪು. ಅಂಕಿಯನ್ನು ಗೀಟಿನ ಮೇಲೆ ಬರೆಯಬೇಡಿ, ಮನೆಯ ನಡುವೆ ಬರೆಯಿರಿ. ಚೌಕಾಬಾರದ ಮನೆ ಎಣಿಸಿದ ಹಾಗೆ ಮಕ್ಕಳು ಪೆನ್ಸಿಲ್ ಕೆಳಗಿನ ಮನೆ ಎಣಿಸ್ತಾರೆ. ಒಂದು ವಾರ ಅದರಲ್ಲೇ ಅಳೆಯಲಿ: ರಬ್ಬರು, ಚಮಚ, ಬಾಚಣಿಗೆ, ತಮ್ಮನ ಕಾಲು. ಆಮೇಲೆ ಅಂಕಿಯನ್ನು ಮನೆ ಮುಗಿಯುವ ಗೀಟಿಗೆ ಸರಿಸಿ ಬರೆಯಿರಿ. "ಇಲ್ಲಿಗೆ ಮೂರು ಮನೆ ಮುಗೀತು" ಅಂತ. ಆಗ ಅದೇ ಅಂಗಡಿ ಸ್ಕೇಲು ಆಯ್ತು. ಸೊನ್ನೆ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ, ಇನ್ನೂ ಒಂದು ಮನೆಯೂ ಮುಗಿಯದ ಜಾಗ ಅದು.

ಇನ್ನೊಂದು ಸಣ್ಣ ವಿಷಯ. ಬಹಳ ಸ್ಕೇಲುಗಳಲ್ಲಿ ಸೊನ್ನೆ ತುದಿಯಲ್ಲೇ ಇರೋದಿಲ್ಲ, ಸ್ವಲ್ಪ ಜಾಗ ಬಿಟ್ಟು ಶುರುವಾಗುತ್ತೆ. ಟೇಪಿನಲ್ಲಿ ತುದಿಯಿಂದಲೇ. ಮಗುವಿಗೆ ಇದನ್ನು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಕಲಿತಳೋ ಇಲ್ಲವೋ ನೋಡೋಕೆ ನನ್ನ ಹತ್ತಿರ ಒಂದು ಕುಯುಕ್ತಿ ಇದೆ. ಒಂದು ಹಳೇ ಸ್ಕೇಲನ್ನು 4ರ ಹತ್ತಿರ ಕತ್ತರಿಸಿ ಕೊಡಿ. ಪೆನ್ಸಿಲ್ 4ರಿಂದ 11ಕ್ಕೆ ಬಂದಾಗ 11 ಅಂದರೆ ಇನ್ನೂ ಅಂಕಿ ಓದುತ್ತಿದ್ದಾಳೆ. ಬೆರಳಿಟ್ಟು ಮನೆ ಎಣಿಸಿ 7 ಅಂದರೆ ಅಳೆಯುತ್ತಿದ್ದಾಳೆ.

ಪ್ರಶ್ನೆ (ಹೊಸ ಶಿಕ್ಷಕಿ, ಕೊಪ್ಪಳ ಜಿಲ್ಲೆ):
ನಮಸ್ಕಾರ್ರೀ ಸರ್. ನಮ್ಮಲ್ಲಿ ಒಂದರಿಂದ ಮೂರು ಕೂಡಿ 24 ಮಕ್ಕಳದಾರ. ಗೇಣು, ಮೊಳ, ಹೆಜ್ಜೆಲೆ ಅಳಿಸ್ರಿ ಅಂತಾರ. ಇದ್ಯಾಕ ಬೇಕ್ರಿ? ಕಡೀಕ ಕಲಿಯೂದು ಸೆಂಟಿಮೀಟರ್ ಅಲ್ಲೇನ್ರಿ? ಸೀದಾ ಸ್ಕೇಲ್ ಕೊಟ್ರ ಟೈಮ್ ಉಳಿತೈತಿ.

ಉತ್ತರ:
ಟೀಚರ್, ಬರೀ ಚಟುವಟಿಕೆ ಮಾಡಿಸಿ ಫೋಟೋ ತೆಗೆಯೋಕಾದರೆ ಬೇಡವೇ ಬೇಡ. ಅದು ದಂಡ. ಗೇಣಿನ ಕೆಲಸ ಒಂದೇ, ಜಗಳ ಹಚ್ಚೋದು. ನಮ್ಮ ತರಗತಿಯ ಉದ್ದ ಬೆಂಚನ್ನು ಮೊದಲು ನಾನು ಗೇಣಿನಲ್ಲಿ ಅಳೆಯುತ್ತೀನಿ, 9 ಬರುತ್ತೆ. ಆಮೇಲೆ ಮೊದಲನೇ ತರಗತಿಯ ಅತಿ ಪುಟ್ಟ ಕೈಯವನನ್ನು ಕರೆಯುತ್ತೀನಿ. ಅವನಿಗೆ 14. ಬೆಂಚು ಬೆಳೆಯಿತೇನ್ರೋ ಅಂತ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ "ಸಾ, ಅವನು ಬೆರಳು ಸರಿಯಾಗಿ ಬಿಡಿಸಿಲ್ಲ", "ಮಧ್ಯ ಜಾಗ ಬಿಟ್ಟ", "ಒಂದರ ಮೇಲೆ ಒಂದು ಇಟ್ಟ" ಅಂತ ಶುರುವಾಗುತ್ತೆ. ಜಾಗ ಬಿಡಬಾರದು, ಒಂದರ ಮೇಲೊಂದು ಬರಬಾರದು, ಅಳೆಯೋ ತುಂಡು ಎಲ್ಲರದ್ದೂ ಒಂದೇ ಅಳತೆ ಇರಬೇಕು. ಅಳತೆಯಲ್ಲಿ ಇರೋ ಪಾಠವೇ ಇಷ್ಟು, ಅದನ್ನು ಅವರ ಬಾಯಿಂದಲೇ ಹೇಳಿಸಿದ ಹಾಗಾಯ್ತು. ಎರಡು ದಿನ ಸಾಕು. ತಿಂಗಳುಗಟ್ಟಲೆ ಗೇಣು ಹಾಕುತ್ತಾ ಕೂರಬೇಡಿ.

ಮೂರನೇ ತರಗತಿಯವರಿಗೆ ಒಂದು ಕಥೆಯನ್ನೂ ಹೇಳಿ. ಇದೇ ಜಗಳ ದೇಶಕ್ಕೇ ಇತ್ತು. ಸೇರು ಅಂದರೆ ಊರಿಗೊಂದು ಸೇರು. ನಮ್ಮ ಹಳೇ ಮೈಸೂರು ಕಡೆ ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಹಾಗಂತ ಇಲ್ಲಿಯ ಸೇರು ನಿಮ್ಮ ಕಡೆಯ ಸೇರಿಗೆ ಸರಿಹೊಂದಬೇಕು ಅಂತೇನಿರಲಿಲ್ಲ. ಅದಕ್ಕೇ 1956ರಲ್ಲಿ ಕಾಯ್ದೆ ಆಯ್ತು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ ಬಂತು. ನಮ್ಮಜ್ಜಿ ಮಾತ್ರ ಕೊನೇವರೆಗೂ ಅಕ್ಕಿಯನ್ನು ಪಾವಿನಲ್ಲೇ ಹಾಕಿದ್ದು. ಅನ್ನ ಒಂದು ದಿನವೂ ಕಮ್ಮಿ ಬೀಳಲಿಲ್ಲ, ಅದು ಬೇರೆ ಮಾತು. ಒಂದೇ ಮನೆಯ ಒಂದೇ ಪಾವಲ್ಲವೇ.

ಪ್ರತಿಕ್ರಿಯೆ (ಉಡುಪಿಯಿಂದ ಒಬ್ಬರು):
ಮೇಷ್ಟ್ರೇ, ನಿಮ್ಮಲ್ಲಿ ಹೂವನ್ನು ಮೊಳದಲ್ಲಿ ಮಾರುತ್ತಾರಲ್ಲ, ಯಾರ ಮೊಳ ಅಂತ ಯಾವಾಗಲೂ ಜಗಳ. ನಮ್ಮ ಶಂಕರಪುರ ಮಲ್ಲಿಗೆಗೆ ಆ ತಾಪತ್ರಯ ಇಲ್ಲ. ಎಣಿಸಿಯೇ ಕಟ್ಟುವುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.

ಉತ್ತರ:
ಒಳ್ಳೇದು ನೆನಪಿಸಿದಿರಿ ಸರ್. ಮೂರನೇ ತರಗತಿಗೆ ನಾಳೆಯೇ ಲೆಕ್ಕ ಕೊಡ್ತೀನಿ, ಅಟ್ಟೆಗೆ ಎಷ್ಟು ಹೂ ಅಂತ. ಹೂ ಮಾರೋ ಅಕ್ಕನ ಮೊಳ ಮತ್ತು ಕೊಳ್ಳೋ ಅಜ್ಜಿಯ ಮೊಳ ಎರಡನ್ನೂ ನೂಲಿನಲ್ಲಿ ತೆಗೆದುಕೊಂಡು ಬರೋಕೆ ಮಕ್ಕಳಿಗೆ ಹೇಳಬಹುದು. ಆದರೆ ಅಕ್ಕನ ಹತ್ತಿರ ನನ್ನ ಹೆಸರು ಹೇಳಬಾರದು.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ಮಂಡ್ಯ):
ತೂಕ ಹೇಳಿಕೊಡೋದು ಹೇಗೆ ಸಾರ್? ದೊಡ್ಡದಾಗಿರೋದೆಲ್ಲ ಭಾರ ಅಂತಾರೆ ನಮ್ಮ ಮಕ್ಕಳು. ಮಗು ತೂಗೋ ಯಂತ್ರ ಇದೆ, ಅದರಲ್ಲಿ ಅಂಕಿ ಬರುತ್ತೆ, ಅವಕ್ಕೆ ಅರ್ಥ ಆಗಲ್ಲ.

ಉತ್ತರ:
ಅಂಕಿ ಬರೋ ಯಂತ್ರವನ್ನು ಸದ್ಯ ಬದಿಗಿಡಿ ಅಮ್ಮ. ನಮ್ಮ ಕಾಲದಲ್ಲಿ ಅಂಗಡಿಯವನು ತಕ್ಕಡಿ ಎತ್ತಿದರೆ ಯಾವ ಕಡೆ ಕೆಳಗೆ ಹೋಯ್ತು ಅಂತ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಈಗ ಕೆಂಪು ಅಂಕಿ ಮಿಂಚುತ್ತೆ, ಮುಗೀತು. ಯಾವುದಕ್ಕೆ ಯಾವುದು ಸಮ ಅನ್ನೋದು ಕಾಣೋದೇ ಇಲ್ಲ.

ಬಟ್ಟೆ ನೇತುಹಾಕೋ ಹ್ಯಾಂಗರ್ ಒಂದು, ತೆಂಗಿನ ಚಿಪ್ಪು ಎರಡು, ದಾರ. ಹ್ಯಾಂಗರನ್ನು ಕಿಟಕಿ ಸರಳಿಗೆ ಸಿಕ್ಕಿಸಿ, ಎರಡೂ ತುದಿಗೆ ಚಿಪ್ಪು ಕಟ್ಟಿ. ಖಾಲಿ ಇದ್ದಾಗ ಸಮ ನಿಲ್ಲದಿದ್ದರೆ ಹಗುರ ಇರೋ ಕಡೆ ಒಂಚೂರು ಜೇಡಿಮಣ್ಣು ಅಂಟಿಸಿ. ಮೊದಲು ಕೈಯಲ್ಲಿ ಹಿಡಿದು ಹೇಳಲಿ, ಆಮೇಲೆ ತಕ್ಕಡಿ ತೀರ್ಪು ಕೊಡಲಿ.

ಹೋದ ವರ್ಷ ಒಂದು ಚಿಪ್ಪಿಗೆ ರಾಗಿ, ಇನ್ನೊಂದಕ್ಕೆ ಪುರಿ ತುಂಬಿಸಿದೆ. ಎರಡೂ ಕಂಠದವರೆಗೆ. "ಎರಡೂ ಒಂದೇ" ಅಂತ ಇಡೀ ತರಗತಿ ಕೂಗಿತು. ಕೈ ಬಿಟ್ಟೆ. ರಾಗಿ ಚಿಪ್ಪು ಧಡ್ ಅಂತ ಕೆಳಗಿಳಿದು ಪುರಿಯೆಲ್ಲ ಹಾರಿ ನೆಲಕ್ಕೆ ಬಿತ್ತು. ಒಬ್ಬಳು ಪುರಿ ಆರಿಸಿ ತಿನ್ನುತ್ತಾ, "ಸಾ, ಪುರೀಲಿ ಬರೀ ಗಾಳಿ" ಅಂದಳು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಆಮೇಲೆ ಒಂದು ನಿಂಬೆಹಣ್ಣಿಗೆ ಎಷ್ಟು ಹುಣಸೆಬೀಜ ಸಮ ಅಂತ ಹಾಕಿಸಿ. ಸಣ್ಣ ಬೀಜ, ದಪ್ಪ ಬೀಜ ಬೆರೆತರೆ ಗುಂಪಿಗೊಂದು ಉತ್ತರ ಬರುತ್ತೆ. ಬೆಂಚಿನ ಜಗಳ ಮತ್ತೆ ಬಂತು ನೋಡಿ.

ಪ್ರಶ್ನೆ (ಒಬ್ಬ ಅಪ್ಪ, ಬೆಂಗಳೂರು):
ಐದು ವರ್ಷದ ಮಗ. ಅದೇ ನೀರನ್ನು ಉದ್ದ ಲೋಟಕ್ಕೆ ಹಾಕಿದರೆ ಜಾಸ್ತಿ ಆಯ್ತು ಅಂತಾನೆ. ಕಣ್ಣೆದುರೇ ಸುರಿದು ತೋರಿಸಿದರೂ ಒಪ್ಪಲ್ಲ. ಡಾಕ್ಟರಿಗೆ ತೋರಿಸಬೇಕಾ?

ಉತ್ತರ:
ಬೇಡ ಸರ್. ಐದು ವರ್ಷಕ್ಕೆ ಬಹಳ ಮಕ್ಕಳು ಹೀಗೇ ಹೇಳೋದು. ಏಳೆಂಟು ವರ್ಷದ ಹೊತ್ತಿಗೆ ತಾನಾಗೇ ಸರಿಹೋಗುತ್ತೆ. ವಾದ ಮಾಡಬೇಡಿ. ಸ್ನಾನದ ಬಕೆಟ್ಟು, ಚೊಂಬು, ಲೋಟ ಕೊಟ್ಟು ಸುರಿದಾಡೋಕೆ ಬಿಡಿ. ನೆಲ ಒದ್ದೆಯಾಗುತ್ತೆ, ಅಷ್ಟೇ.

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ಅಮ್ಮ):
ಇಲ್ಲಿ ಶಾಲೆಯಲ್ಲಿ ಇಂಚು, ಸೆಂಟಿಮೀಟರ್ ಎರಡೂ ಹೇಳಿಕೊಡ್ತಾರೆ. ಮಗ ಗೊಂದಲ ಮಾಡಿಕೊಂಡಿದ್ದಾನೆ.

ಉತ್ತರ:
ಇದು ಅದೃಷ್ಟ ಅಂದುಕೊಳ್ಳಿ ಮೇಡಂ. ಒಂದೇ ಮೇಜನ್ನು ಎರಡರಲ್ಲೂ ಅಳೆಯಲಿ. ಅಳೆಯೋಕೆ ಮೊದಲು ಯಾವುದರಲ್ಲಿ ದೊಡ್ಡ ಅಂಕಿ ಬರುತ್ತೆ ಅಂತ ಕೇಳಿ. ಇಂಚು ದೊಡ್ಡದು, ಅದಕ್ಕೇ ಅಂಕಿಯೂ ದೊಡ್ಡದು ಅಂತ ಖಂಡಿತ ಹೇಳ್ತಾನೆ. ಅಳೆದ ಮೇಲೆ ಉಲ್ಟಾ ಆಗಿರುತ್ತೆ. ಯಾಕೆ ಅಂತ ಅವನೇ ಯೋಚಿಸಲಿ, ಒಂದು ದಿನ ಸುಮ್ಮನಿರಿ. ಇಲ್ಲೇನು ಕಮ್ಮಿ ಇಲ್ಲ, ಶಾಲೆಯಲ್ಲಿ ಸೆಂಟಿಮೀಟರ್, ಟೈಲರ್ ಹತ್ತಿರ ಇಂಚು, ಮನೆ ಕಟ್ಟುವಾಗ ಅಡಿ.

ಪ್ರಶ್ನೆ (ಮತ್ತೆ ಕೊಪ್ಪಳದ ಶಿಕ್ಷಕಿ):
ಸರ್, ದತ್ತಾಂಶದ ಪಾಠಾನೂ ಕೇಳಿಬಿಡ್ತೀನ್ರಿ. "ನಿಮಗ ಯಾವ ಹಣ್ಣು ಇಷ್ಟ" ಅಂತ ಕೇಳಿ ಚಿತ್ರನಕ್ಷೆ ಮಾಡ್ಸಿದ್ನಿ. ಬಣ್ಣ ಹಚ್ಚಿದ್ರು, ಗ್ವಾಡಿಗೆ ಅಂಟಿಸಿದ್ವಿ. ಮರುದಿನ ಕೇಳಿದ್ರ ಒಬ್ರಿಗೂ ನೆನಪಿಲ್ಲ.

ಉತ್ತರ:
ನೆನಪಿರೋಕೆ ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲವಲ್ಲ ಟೀಚರ್. ಮಾವು ಇಷ್ಟ ಅಂದವರಿಗೆ ಮಾವು ಸಿಗಲಿಲ್ಲ. ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡೋ ದಿನ ಹಿಡಿದುಕೊಳ್ಳಿ. ಅಡುಗೆಯವರಿಗೆ ಬೆಳಿಗ್ಗೆಯೇ ಲೆಕ್ಕ ಬೇಕು. ಆ ಲೆಕ್ಕ ಮಕ್ಕಳ ಕೆಲಸ ಆಗಲಿ. ತಪ್ಪಿದರೆ ಮಧ್ಯಾಹ್ನ ಒಬ್ಬರ ತಟ್ಟೆಗೆ ಮೊಟ್ಟೆ ಬರೋದಿಲ್ಲ, ಆಗ ಎಲ್ಲರಿಗೂ ನೆನಪಿರುತ್ತೆ.

ಕೈ ಎತ್ತಿಸಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಎರಡಕ್ಕೂ ಕೈ ಎತ್ತುತ್ತಾನೆ, ಅವನ ಸ್ನೇಹಿತರು ಅವನನ್ನು ನೋಡಿಕೊಂಡು ಎತ್ತುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಖಾಲಿ ಬೆಂಕಿಪೊಟ್ಟಣ, ಮೇಲೆ ಅವರವರ ಹೆಸರು. ಮೊಟ್ಟೆ ಬೇಕಾದವರು ಮೊಟ್ಟೆಯ ಚಿತ್ರದ ಹತ್ತಿರ, ಬಾಳೆಹಣ್ಣು ಬೇಕಾದವರು ಅದರ ಹತ್ತಿರ ಒಂದರ ಮೇಲೊಂದು ಪೇರಿಸಲಿ. ಒಂದೇ ಪೊಟ್ಟಣ ಎರಡು ಕಡೆ ಇರಲಾರದು. ಸ್ತಂಭನಕ್ಷೆ ಅಂದರೆ ಇದೇ, ಹಾಳೆ ಇಲ್ಲದೆಯೇ ಎದ್ದು ನಿಂತಿದೆ. ಬೆರಳಿನಿಂದ ಬೀಳಿಸದೆ ಪೇರಿಸೋದು ಅವರಿಗೆ ಇನ್ನೊಂದು ಆಟ.

ಎಣಿಸಿದ ಮೇಲೆ ಎರಡನ್ನೂ ಕೂಡಿಸಿ ಹಾಜರಿ ಜೊತೆ ತಾಳೆ ನೋಡಲಿ. ಹಾಜರಿ 22 ಇದ್ದು ಪೊಟ್ಟಣ 21 ಆದರೆ ಯಾರೋ ಬಿಟ್ಟುಹೋಗಿದ್ದಾರೆ, ಹುಡುಕಲಿ. ಏನೂ ಬೇಡ ಅನ್ನೋರಿಗೂ ಒಂದು ಜಾಗ ಇಡಿ. ಅಲ್ಲಿ ಯಾರೂ ಇಲ್ಲದ ದಿನ ಸೊನ್ನೆ ಅಂತ ಬರೆಯಲೇಬೇಕು.

ಗೀಟು ಹಾಕಿ ಲೆಕ್ಕ ಇಡೋದು ಆಮೇಲೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಪುಸ್ತಕದಲ್ಲಿ ಇದನ್ನು ತಾಳೆ ಗುರುತು ಅಂತಾರೆ. ಐದನೇ ಗೀಟನ್ನೂ ನೆಟ್ಟಗೇ ಎಳೆದು ಅದರ ಮೇಲೆ ಅಡ್ಡ ಹಾಕಿ ಆರು ಮಾಡೋ ಮಕ್ಕಳು ಪ್ರತಿ ವರ್ಷ ಇಬ್ಬರು ಮೂವರು ಇರ್ತಾರೆ. ಅಂಥವರಿಗೆ ಐದು ಐದು ಬೆಂಕಿಕಡ್ಡಿಯ ಕಟ್ಟು ಮಾಡೋಕೆ ಕೊಡಿ, ಗೀಟು ಎರಡು ದಿನ ಬಿಡಿ.

ಚಿತ್ರ ಬರೆಯುವಾಗ ಒಂದು ಎಚ್ಚರಿಕೆ. ಒಮ್ಮೆ ನಮ್ಮಲ್ಲಿ 13 ಜನಕ್ಕೆ ಮೊಟ್ಟೆ, 9 ಜನಕ್ಕೆ ಬಾಳೆಹಣ್ಣು. ಮಕ್ಕಳು ಮೊಟ್ಟೆಯನ್ನು ಗೋಲಿಯಷ್ಟು ಪುಟ್ಟದಾಗಿ, ಬಾಳೆಹಣ್ಣನ್ನು ಅರ್ಧ ಗೇಣು ಉದ್ದ ಬರೆದರು. ಬಾಳೆಹಣ್ಣಿನ ಸಾಲು ಮೊಟ್ಟೆಯ ಸಾಲನ್ನು ದಾಟಿಹೋಯ್ತು. ಯಾವುದು ಜಾಸ್ತಿ ಅಂತ ಪಕ್ಕದ ತರಗತಿಯವರನ್ನು ಕರೆದು ಕೇಳಿದರೆ ಬಾಳೆಹಣ್ಣು ಅಂದರು. ನಮ್ಮವರು ಮುನಿಸಿಕೊಂಡರು. "ಹಂಗಾದ್ರೆ ಎಲ್ಲದಕ್ಕೂ ಒಂದೇ ಸೈಜಿನ ಮನೆ ಮಾಡಣ ಸಾ" ಅಂದವನು ಅದೇ 14 ಗೇಣಿನ ಪುಟ್ಟ ಕೈಯವನು. ಗೇಣು ಯಾಕೆ ಬೇಕು ಅಂತ ಕೇಳಿದ್ದಿರಲ್ಲ ಟೀಚರ್, ಇದಕ್ಕೇ.

ಪ್ರತಿಕ್ರಿಯೆ (ತುಮಕೂರಿನ ಅಮ್ಮ, ಮೂರು ದಿನದ ಮೇಲೆ):
ಮೇಷ್ಟ್ರೇ, ಕೆಂಪು ಬಿಳಿ ಪಟ್ಟಿ ಮಾಡಿಕೊಟ್ಟೆ. ಅವಳಿಗೆ ಭಾರೀ ಖುಷಿ, ಅಜ್ಜಿಯ ಜಡೆಯನ್ನೂ ಅಳೆದಳು. ಆದರೆ ಕತ್ತರಿಸಿದ ಸ್ಕೇಲ್ ಕೊಟ್ಟಾಗ "ಅಮ್ಮ, ಇದು ಮುರಿದಿದೆ, ಇದರಲ್ಲಿ ಸೊನ್ನೆನೇ ಇಲ್ಲ, ಅಳೆಯಕ್ಕಾಗಲ್ಲ" ಅಂತ ವಾಪಸ್ ಕೊಟ್ಟಳು.

ಉತ್ತರ:
11 ಅನ್ನಲಿಲ್ಲ ತಾನೇ? ಹಾಗಾದರೆ ಅರ್ಧ ದಾರಿ ಬಂದಿದ್ದಾಳೆ. ನಾಳೆ ಆ ಮುರಿದ ಸ್ಕೇಲನ್ನು ಅವಳ ಪಟ್ಟಿಯ ಪಕ್ಕದಲ್ಲೇ ಮೇಜಿನ ಮೇಲೆ ಬಿಟ್ಟಿರಿ, ಒಂದು ಬೆಂಕಿಕಡ್ಡಿಯನ್ನೂ ಇಡಿ. ಏನೂ ಹೇಳಬೇಡಿ. ನೀವು ಅಡುಗೆಮನೆಯಲ್ಲಿರಿ.