ಬೀಚ್ ಸೀಲ್

ನಮ್ಮ ಮನೆ ಗ್ರೂಪಿನಲ್ಲಿ 31 ಜನ. ನನ್ನ ಫೋನಿನಲ್ಲಿ ಯಾರ ಹೆಸರೂ ಇಲ್ಲ, ಊರು ಮತ್ತು ಸಂಬಂಧ ಅಷ್ಟೇ: ಬಿಣಗಾ ದೊಡ್ಡಪ್ಪ, ಶಿರಸಿ ಅತ್ತೆ, ಕುಮಟಾ ಭಾವ. ಕಳೆದ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಆರೂ ಹತ್ತಕ್ಕೆ, ದೊಡ್ಡಪ್ಪ ಒಂದು ಫಾರ್ವರ್ಡ್ ಎಸೆದರು.

"ಎಚ್ಚರ!! ಸೀಲ್‌ಗಳಿಗಾಗಿ ಮಕ್ಕಳ ಬೀಚ್ ಬಂದ್! ಡಿಸೆಂಬರ್ 15ರಿಂದ ಮೇ 15ರವರೆಗೆ ಯಾರೂ ಮರಳಿಗೆ ಇಳಿಯುವಂತಿಲ್ಲ. ಸ್ವಯಂಸೇವಕರ ಕಾವಲು. ಎಲ್ಲ ಗ್ರೂಪಿಗೂ ಕಳಿಸಿ."

ಜೊತೆಗೊಂದು ಫೋಟೊ. ಬಾಗಿದ ಕಾಂಕ್ರೀಟ್ ಗೋಡೆ, ಅಡ್ಡ ಕಟ್ಟಿದ ಹಗ್ಗ, ಮರಳ ಮೇಲೆ ಅಕ್ಕಿ ಮೂಟೆಗಳ ಹಾಗೆ ಬಿದ್ದುಕೊಂಡ ಏನೇನೋ, ಮೂಲೆಯಲ್ಲಿ ನೀಲಿ ಜಾಕೆಟ್ಟಿನ ಒಬ್ಬ.

ಬಿಣಗಾ ದೊಡ್ಡಪ್ಪ: ನೋಡಿ, ನಾನು ಹೇಳ್ತಿದ್ದದ್ದೇ ಆಯ್ತು. ಬೀಚ್ ಸೀಲ್ ಮಾಡ್ತಾರಂತೆ. ಇನ್ನು ಟಾಗೋರ್ ಬೀಚಿಗೆ ವಾಕಿಂಗೂ ಇಲ್ಲ.

ಶಿರಸಿ ಅತ್ತೆ: ಅಯ್ಯೋ ಅಣ್ಣ, ಮತ್ತೆ ಕೊರೊನಾ ಬಂತಾ? ನಮ್ಮ ಕೇರಿ ಸೀಲ್‌ಡೌನ್ ಮಾಡಿದಾಗ ಹಾಲಿನವನನ್ನೂ ಒಳಗೆ ಬಿಡ್ಲಿಲ್ಲ.

ಕುಮಟಾ ಭಾವ: ಇದರ ಮೂಲ ಯಾವುದು? ಯಾವ ಊರ ಬೀಚು? ಆದೇಶದ ಪ್ರತಿ ಇದ್ರೆ ಹಾಕಿ.

ಬಿಣಗಾ ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಪ್ರತಿ ಬೇಕು ಮಾರಾಯ. ಸೀಬರ್ಡ್ ಅಂದಾಗ ನಾವು ಹಕ್ಕಿ ಅಂದ್ಕಂಡ್ವಿ. 1986ರಲ್ಲಿ ಕಲ್ಲು ಹಾಕಿದ್ರು, ಅರಗಾದ ತೋಟ ಹೋಯ್ತು. ಅಂದು ಹಕ್ಕಿ, ಇಂದು ಸೀಲು.

(ಹಕ್ಕಿ ಅಂದುಕೊಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಸೀಬರ್ಡ್ ಅಂದರೆ ಕಾರವಾರದ ನೌಕಾನೆಲೆ ಅಂತ ಮೊದಲ ದಿನದಿಂದ ಗೊತ್ತಿತ್ತು. ಆದರೂ ಈ ಮಾತು ಬರದೆ ನಮ್ಮ ಮನೆಯಲ್ಲಿ ಒಂದು ಮದುವೆ ಮುಗಿದದ್ದಿಲ್ಲ.)

ಮಾಜಾಳಿ ತಂಗಿ: ದೊಡ್ಡಪ್ಪಾ, ಸೀಲ್ ಅಂದ್ರೆ ಪ್ರಾಣಿ. ಮರಳ ಮೇಲೆ ಮಲಗಿವೆ, ನೋಡಿ.

ಶಿರಸಿ ಅತ್ತೆ: ಓ, ನೀರುನಾಯಿ! ಅದು ಕಾಳಿ ಹೊಳೆಯಲ್ಲಿ ಬೇಕಾದಷ್ಟಿದೆಯಲ್ಲ.

ಮಾಜಾಳಿ ತಂಗಿ: ನೀರುನಾಯಿ ಬೇರೆ ಅತ್ತೆ. ಸೀಲ್ ನಮ್ಮ ಕಡಲಲ್ಲಿ ಇಲ್ಲ.

ಬಿಣಗಾ ದೊಡ್ಡಪ್ಪ: ಇಲ್ಲದ ಪ್ರಾಣಿಗೆ ಬೀಚ್ ಬಂದ್ ಮಾಡ್ತಾರೆ ಅಂದ್ರೆ ಎಂಥ ಕಾಲ ಬಂತು!

ಇದಕ್ಕೆ 9 ಹೆಬ್ಬೆರಳು ಬಿದ್ದವು. ಹತ್ತು ಗಂಟೆಯ ಹೊತ್ತಿಗೆ ಕುಮಟಾ ಭಾವ ತಾವೇ ಹುಡುಕಿ ಉದ್ದದ ಬರಹ ಹಾಕಿದರು. ಬೀಚು ಇರುವುದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಲಾ ಹೊಯಾದಲ್ಲಿ. ಮಕ್ಕಳು ಅಲೆಯ ಭಯವಿಲ್ಲದೆ ಈಜಲಿ ಅಂತ ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಎಂಬ ದಾನಿ ದುಡ್ಡು ಕೊಟ್ಟು 1931ರಲ್ಲಿ ಆ ಗೋಡೆ ಕಟ್ಟಿಸಿದರು. 1990ರ ದಶಕದಲ್ಲಿ ಸೀಲ್‌ಗಳು ಬಂದು ಅಲ್ಲೇ ಮಲಗಿ ಮರಿ ಹಾಕತೊಡಗಿದವು. ಬೀಚು ಮಕ್ಕಳದೋ ಸೀಲ್‌ಗಳದೋ ಅಂತ ವರ್ಷಗಟ್ಟಲೆ ಕೋರ್ಟು ಕಚೇರಿ ಆಯಿತು. ಕಡೆಗೆ ಮರಿಗಳ ಕಾಲದಲ್ಲಿ ಮಾತ್ರ ಬೀಚು ಬಂದ್ ಅಂತಾಯಿತು. ಅಲ್ಲಿ ಕಡಲಿನ ಸಸ್ತನಿಗಳನ್ನು ಕಾಯುವ ಕಾಯ್ದೆ ಬಂದದ್ದು 1972ರಲ್ಲಿ, ನಮ್ಮ ವನ್ಯಜೀವಿ ಕಾಯ್ದೆಯೂ ಅದೇ ವರ್ಷದ್ದು.

ಓದಿದವರು ನಾನು ಮತ್ತು ತಂಗಿ. "ಮುಂದೆ ಓದಿ" ಒತ್ತುವ ಅಭ್ಯಾಸ ಉಳಿದವರಿಗಿಲ್ಲ. ಅಷ್ಟರಲ್ಲಿ ಅಂಕೋಲಾ ಅಣ್ಣನ ವಾಯ್ಸ್ ನೋಟ್ ಬಂತು, ನಾಲ್ಕು ನಿಮಿಷದ್ದು. ಅರಗಾದ ಕಡಲ ದಂಡೆಯಲ್ಲಿ ರಾಂಪಣಿ ಬಲೆ ಎಳೆಯುತ್ತಿದ್ದದ್ದು, ಹಗ್ಗಕ್ಕೆ ಕೈ ಹಾಕಿದ ಹುಡುಗರಿಗೂ ಬಂಗಡೆಯ ಪಾಲು ಸಿಗುತ್ತಿದ್ದದ್ದು, ಅಜ್ಜಿ ಅದಕ್ಕೆ ತಿರಪಲಕಾಯಿ ಹಾಕಿ ಸಾರು ಮಾಡುತ್ತಿದ್ದದ್ದು. ಮೂರನೇ ನಿಮಿಷಕ್ಕೆ ಅವನ ಗಂಟಲು ಕಟ್ಟಿತು. ಸೀಲ್ ವಿಷಯ ಅದರಲ್ಲಿ ಬರಲೇ ಇಲ್ಲ.

ಶಿರಸಿ ಅತ್ತೆ: ಆಮೆ ಮೊಟ್ಟೆ ಮರೆತ್ಯಾ? ಅಪ್ಪ ಒಂದ್ಸಲ ಕೈಚೀಲದ ತುಂಬ ತಂದಿದ್ರು.

ಮಾಜಾಳಿ ತಂಗಿ: ಅತ್ತೆ, ಅದನ್ನೆಲ್ಲ ಗ್ರೂಪಲ್ಲಿ ಬರೀಬೇಡಿ. ನಾವು ಈಗ ಅದೇ ಮೊಟ್ಟೆಗಳಿಗೆ ಅರಣ್ಯ ಇಲಾಖೆಯವರ ಜೊತೆ ಬಲೆಯ ಬೇಲಿ ಹಾಕ್ತಿದ್ದೇವೆ. ಒಂದು ಗೂಡಲ್ಲಿ ನೂರರ ಮೇಲಿರ್ತದೆ. 45ರಿಂದ 60 ದಿನ ನಾಯಿ, ಜನ ಎರಡರಿಂದಲೂ ಕಾಯ್ಬೇಕು.

ಬಿಣಗಾ ದೊಡ್ಡಪ್ಪ: ಆಮೆ ಕೂರ್ಮಾವತಾರ. ನಮ್ಮ ಹಿರಿಯರು ಯಾವತ್ತೂ ಮೊಟ್ಟೆ ಮುಟ್ಟಿದವರಲ್ಲ.

ಶಿರಸಿ ಅತ್ತೆ: ನೀನೇ ಆರು ತಿಂದಿದ್ದೆ ಅಣ್ಣ.

ಇಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅತ್ತೆಗೆ ಹಳೆಯದೇ ನೆನಪಿರುತ್ತದೆ ಎಂದು ದೊಡ್ಡಪ್ಪ, ಹಾಗಾದರೆ ತೋಟದ ಪರಿಹಾರ ಹಂಚಿದ್ದೂ ನೆನಪಿದೆ ಎಂದು ಅತ್ತೆ. ಅಲ್ಲಿಯವರೆಗೆ ಸುಮ್ಮನಿದ್ದ ಚಿಕ್ಕಪ್ಪ, "ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಅಲೆದವನು ನಾನು, ಬಸ್ ಚಾರ್ಜೂ ಯಾರೂ ಕೊಡಲಿಲ್ಲ" ಎಂದು ಬರೆದು ಗ್ರೂಪು ಬಿಟ್ಟರು. ಅಡ್ಮಿನ್ ನಾನು. ಈ ಮೂರು ವರ್ಷದಲ್ಲಿ ಅವರನ್ನು ಮತ್ತೆ ಸೇರಿಸಿದ್ದು ಇದು ಐದನೇ ಸಲ.

ಮಾಜಾಳಿ ತಂಗಿ: ಶನಿವಾರ ರಾತ್ರಿ ದಂಡೆಯಲ್ಲಿ ಗಸ್ತು ಇದೆ. ಯಾರಾದ್ರೂ ಬರ್ತೀರಾ? ಟಾರ್ಚ್ ಬೇಡ, ಬೆಳಕು ಬಿದ್ರೆ ಆಮೆ ಮೊಟ್ಟೆ ಇಡದೆ ತಿರುಗಿ ಹೋಗ್ತದೆ.

ಎಲ್ಲರ ಎದುರೂ ನೀಲಿ ಗೀಟು ಬಂತು. ಉತ್ತರ ಬರಲಿಲ್ಲ.

ರಾತ್ರಿ ಎಂಟೂವರೆಗೆ, ಅಲ್ಲಿ ಬೆಳಗಾದ ಮೇಲೆ, ಚಿಕ್ಕಪ್ಪನ ಮಗ ಗ್ರೂಪು ತೆರೆದ.

ಅಮೆರಿಕಾ ತಮ್ಮ: ಇದು ನಾನು ಕ್ಲಾಸ್‌ಮೇಟ್ಸ್ ಗ್ರೂಪಿಗೆ ಹಾಕಿದ ಫೋಟೊ! ಮೇಲಿನ ಸಾಲು ಯಾರು ಸೇರಿಸಿದ್ರೋ ಗೊತ್ತಿಲ್ಲ. ನೀಲಿ ಜಾಕೆಟ್ಟಿನವನು ನಾನು. ಯಾರೂ ಗುರುತು ಹಿಡೀಲಿಲ್ವಾ?

ಎಲ್ಲರೂ ಆಗ ಫೋಟೊ ದೊಡ್ಡದು ಮಾಡಿ ನೋಡಿದರು. ಬೆಳಿಗ್ಗೆಯಿಂದ ಮೊದಲ ಸಲ.

ಶಿರಸಿ ಅತ್ತೆ: ಅಯ್ಯೋ ಹೌದು! ಎಷ್ಟು ಸೊರಗಿದ್ದೀಯೋ. ಊಟ ಮಾಡ್ತೀಯಾ ಇಲ್ವಾ?

ಅಮೆರಿಕಾ ತಮ್ಮ: ಮಾಡ್ತೇನೆ ಅತ್ತೆ. ವಾರಕ್ಕೊಂದು ದಿನ ಅಲ್ಲಿ ನಿಂತು ಜನರಿಗೆ ಹೇಳ್ತೇನೆ. ಮರಿ ಒಂದೇ ಇದ್ರೆ ತಾಯಿ ಬಿಟ್ಟುಹೋಗಿದೆ ಅಂತ ಎತ್ತಿಕೊಳ್ಳೋಕೆ ಹೋಗ್ತಾರೆ. ತಾಯಿ ಮೀನು ಹಿಡಿಯೋಕೆ ಹೋಗಿರ್ತದೆ ಅಷ್ಟೇ. ಸುತ್ತ ಜನ ನಿಂತ್ರೆ ಅದು ದಡಕ್ಕೆ ಬರೋದೇ ಇಲ್ಲ.

ಮಾಜಾಳಿ ತಂಗಿ: ಜನ ನಿನ್ನ ಮಾತು ಕೇಳ್ತಾರಾ?

ಅಮೆರಿಕಾ ತಮ್ಮ: ಅರ್ಧ ಜನ. ಉಳಿದವರು ಸೆಲ್ಫಿ.

ಬಿಣಗಾ ದೊಡ್ಡಪ್ಪ: ಸಂಬಳ ಎಷ್ಟು ಕೊಡ್ತಾರೆ?

ಅಮೆರಿಕಾ ತಮ್ಮ: ಸಂಬಳ ಇಲ್ಲ ದೊಡ್ಡಪ್ಪ, ಸ್ವಯಂಸೇವೆ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ತೋರಿಸುತ್ತಿತ್ತು.

ಬಿಣಗಾ ದೊಡ್ಡಪ್ಪ: ಹಾಗಾದ್ರೆ ಅರಗಾ ತೋಟದ ದುಡ್ಡಲ್ಲಿ ನಿನ್ನಪ್ಪ ಇಂಜಿನಿಯರಿಂಗ್ ಓದ್ಸಿದ್ದು, ಅಲ್ಲಿಗೆ ಹೋಗಿ ಬಿಟ್ಟಿ ಬೀಚ್ ಕಾಯೋಕಾ?

ಚಿಕ್ಕಪ್ಪ ಮತ್ತೆ ಗ್ರೂಪು ಬಿಟ್ಟರು.