ಸಹಾಯ ಬೇಕು: ಅಪ್ಪನ ಮದ್ದಳೆಗೆ ಇನ್ನೂ ಪೇಟೆಂಟ್ ಸಿಗಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರದ ಬ್ರಹ್ಮಾವರ. ಅಪ್ಪ 30 ವರ್ಷದಿಂದ ಯಕ್ಷಗಾನದ ಮದ್ದಳೆ ಮಾಡುತ್ತಾರೆ. ನಮ್ಮ ಮಳೆಗಾಲ ಗೊತ್ತಲ್ವಾ? ಚರ್ಮ ತೇವ ಎಳೆದುಕೊಂಡು ಸಡಿಲವಾಗುತ್ತದೆ, ಅರ್ಧ ಪ್ರಸಂಗಕ್ಕೇ ಶ್ರುತಿ ಇಳಿಯುತ್ತದೆ. ಅದಕ್ಕೆ ಅಪ್ಪ ಮದ್ದಳೆಯ ಒಳಗೇ ಒಂದು ಹಿತ್ತಾಳೆ ಬಳೆ ಕೂರಿಸಿದ್ದಾರೆ. ಬಾರಿನ ಅಡಿಯಲ್ಲಿರುವ ಸಣ್ಣ ತೂತಿಗೆ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದರೆ ಸಾಕು, ಬಳೆ ಒಳಗಿಂದ ಚರ್ಮವನ್ನು ಒತ್ತಿ ಬಿಗಿ ಮಾಡುತ್ತದೆ. ಬಾರು ಬಿಚ್ಚುವುದೇ ಬೇಡ. ನಟ್ಟು ಬೋಲ್ಟಿನ ಮೃದಂಗ ಮೊದಲೇ ಇದೆ, ನಿಜ. ಆದರೆ ಅದರಲ್ಲಿ ಬಿಗಿ ಮಾಡುವುದು ಹೊರಗಿಂದ. ನಾಲ್ಕು ವರ್ಷ ರಾತ್ರಿ ಕೂತು ಮಾಡಿದ ಕೆಲಸ ಇದು, ಸುಮ್ನೆ ಬಿಟ್ಟುಕೊಡಲು ಮನಸ್ಸಿಲ್ಲ.

ತೊಂದರೆ ಇಷ್ಟೇ. ಕಳೆದ ಆಗಸ್ಟ್‌ನಲ್ಲಿ ಒಂದು ತಾಳಮದ್ದಳೆಯಲ್ಲಿ ಅದನ್ನು ನುಡಿಸಿದರು. ಆ ವಿಡಿಯೋ ಯೂಟ್ಯೂಬ್‌ನಲ್ಲಿದೆ. ಅರ್ಜಿಗೆ ಮೊದಲೇ ಜನರ ಮುಂದೆ ಬಂದ ವಸ್ತು ಹೊಸದಲ್ಲ, ಪೇಟೆಂಟ್ ಸಿಗುವುದಿಲ್ಲ ಅಂತ ಮಂಗಳೂರಿನ ಒಬ್ಬ ವಕೀಲರು ಹೇಳಿದರು. ಇನ್ನೊಬ್ಬರು, ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿ ವಿವರ ಕೊಡಲು 12 ತಿಂಗಳು ಇರುತ್ತದೆ ಅಂದರು. ಪೇಟೆಂಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ನಾನೂ ಹುಡುಕಿದೆ, ಇಂಥದ್ದು ಕಾಣಲಿಲ್ಲ.

ವಿಡಿಯೋದಲ್ಲಿ ಮದ್ದಳೆಯ ಹೊರಮೈ ಮಾತ್ರ ಕಾಣುತ್ತದೆ. ಒಳಗಿನ ಬಳೆ ಯಾರಿಗೂ ತೋರಿಸಿಲ್ಲ, ಮದ್ದಳೆ ಮಾರಿಯೂ ಇಲ್ಲ.

ನನ್ನ ಪ್ರಶ್ನೆ: ಒಳಗಿನ ರಚನೆ ಕಾಣದ ಹಾಗೆ ಸಭೆಯಲ್ಲಿ ನುಡಿಸಿದ್ದನ್ನೂ ಬಹಿರಂಗ ಬಳಕೆ ಅಂತ ಲೆಕ್ಕ ಹಾಕುತ್ತಾರಾ? ಚೆನ್ನೈ ಕಚೇರಿಗೆ ಅರ್ಜಿ ಹಾಕಿ ಅನುಭವ ಇರುವವರು ದಯವಿಟ್ಟು ತಿಳಿಸಿ.